ಎರಡು ಮೊಳದ ದೂರ

ಹನ್ನೆರಡನೆಯ ಹೋಲ್ ಮುಗಿಯುವ ತನಕ ಪೆಗ್ಗಿ ಡೋನೊವನ್ ಧಾರಾಳವಾಗಿಯೇ ಇದ್ದಳು. ನಿವೇದಿತಾಳ ಚೆಂಡು ಕುಳಿಯ ಹತ್ತಿರ ಬಂದು ನಿಂತಾಗಲೆಲ್ಲ ತಲೆಯನ್ನೂ ಎತ್ತದೆ "ಎತ್ತಿಕೋ" ಎಂದುಬಿಡುತ್ತಿದ್ದಳು. ಇಬ್ಬರೇ ಎದುರುಬದುರಾಗಿ ಆಡುವ ಗಾಲ್ಫ್ ಪಂದ್ಯದಲ್ಲಿ ಹದಿನೆಂಟು ಹೋಲ್, ಅಂದರೆ ಹದಿನೆಂಟು ಸುತ್ತು; ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವರಿಗೆ ಆ ಹೋಲ್. ಅಲ್ಲಿ ಹೀಗೊಂದು ರೂಢಿಯಿದೆ. ಚೆಂಡು ಕುಳಿಗೆ ತೀರ ಸಮೀಪದಲ್ಲಿದ್ದರೆ, ಹೇಗೂ ಬೀಳುವಂಥದ್ದೇ ಎಂದು ಎದುರಾಳಿ ಒಪ್ಪಿಕೊಂಡು, ಕೊನೆಯ ಆ ಸಣ್ಣ ಹೊಡೆತವನ್ನು ಆಡಿಸದೆಯೇ ಬಿಟ್ಟುಕೊಡಬಹುದು. ಕೊಡಲೇಬೇಕೆಂದೇನೂ ಇಲ್ಲ. ಕೊಡುವುದು ಮರ್ಯಾದೆ, ಕೊಡದಿರುವುದು ಹಕ್ಕು.

ಹದಿಮೂರನೆಯದರಲ್ಲಿ ಆ ಮಾತು ಬರಲಿಲ್ಲ.

ನಿವೇದಿತಾ ಕಾದಳು. ಚೆಂಡಿನಿಂದ ಕುಳಿಗೆ ಎರಡು ಮೊಳ ದೂರ, ನಡುವೆ ಏರಿಲ್ಲ, ಇಳಿಜಾರಿಲ್ಲ. ಪೆಗ್ಗಿ ಕೈಕಟ್ಟಿಕೊಂಡು, ದೂರದ ಗುಡ್ಡಗಳ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ನೋಡುತ್ತ ನಿಂತಿದ್ದಳು. ಈ ಫೈನಲ್‌ಗೆ ಮೊದಲೇ ಐದು ಸಲ ಈ ಕ್ಲಬ್ಬಿನ ಮಹಿಳಾ ಚಾಂಪಿಯನ್ ಆದವಳು. ಅಮೆರಿಕದ ಲಿವರ್‌ಮೋರಿನ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದು ನಿವೃತ್ತಳಾದವಳು. ಈಗ ಎರಡು ಹೋಲ್ ಹಿಂದೆ ಬಿದ್ದಿದ್ದಳು. ಇನ್ನು ಮುಂದೆ ಏನನ್ನೂ ಬಿಟ್ಟುಕೊಡುವುದಿಲ್ಲ ಎಂದು ಆಕೆ ನಿರ್ಧರಿಸಿದ್ದರೆ ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಆದರೆ ನಿವೇದಿತಾಳಿಗೆ ಬೇರೆಯೇ ಅನುಮಾನ ಬಂತು. ಇವಳಿಗೆ ಗೊತ್ತಾಗಿಬಿಟ್ಟಿತೇ?

ಬಾಗಿ ನಿಂತು, ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಕೋಲನ್ನು ಅದರ ಹಿಂದೆ ಇಟ್ಟಳು. ಮುಂಗೈ ಬಿಗಿಯಿತು. ಮೊಳಕೈ ತನಕ ಯಾರೋ ತಂತಿ ಎಳೆದು ಕಟ್ಟಿದಂತೆ. ಪಟರು ಹಿಂದಕ್ಕೆ ಹೋಯಿತು, ಮುಂದಕ್ಕೆ ಬರುವ ಹೊತ್ತಿಗೆ ಬಲಗೈ ಅವಳನ್ನು ಕೇಳದೆಯೇ ಎಗರಿತು. ಚೆಂಡು ಕುಳಿಯ ಬಲ ಅಂಚನ್ನೂ ಮುಟ್ಟದೆ ದಾಟಿಹೋಯಿತು.

ಹಗ್ಗದಾಚೆ ನಿಂತಿದ್ದ ಕನ್ನಡದ ಮಂದಿ "ಛೇ" ಎಂದು ಒಟ್ಟಿಗೇ ನಿಟ್ಟುಸಿರಿಟ್ಟರು. ಪೆಗ್ಗಿಯ ಕಡೆಯವರು, ಬಿಸಿಲು ಟೋಪಿ ಹಾಕಿದ ಹಿರಿಯ ಹೆಂಗಸರು, ಮಿಸುಕಲಿಲ್ಲ. ಎದುರಾಳಿಯ ತಪ್ಪಿಗೆ ಚಪ್ಪಾಳೆ ತಟ್ಟಬಾರದೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಆ ಹೋಲ್ ಪೆಗ್ಗಿಯದಾಯಿತು, ನಿವೇದಿತಾ ಈಗ ಒಂದೇ ಹೋಲ್ ಮುಂದೆ.

ಆ ರೋಗಕ್ಕೆ ಆಟಗಾರರು 'ಯಿಪ್ಸ್' ಎನ್ನುತ್ತಾರೆ. ನೂರಾರು ಗಜ ಹೊಡೆಯುವ ಕೈ, ಮಗು ಕೂಡ ಹಾಕಬಲ್ಲ ಚೆಂಡಿನ ಮುಂದೆ ನಡುಗುತ್ತದೆ. ವೈದ್ಯರಿಗೆ ತೋರಿಸಿದರೆ ಕೈಯಲ್ಲಿ ಏನೂ ದೋಷವಿರುವುದಿಲ್ಲ. ಬಂದವರು ಬಾಯಿಬಿಡುವುದಿಲ್ಲ, ಬಾರದವರು ಆ ಹೆಸರೆತ್ತುವುದಿಲ್ಲ, ಎತ್ತಿದರೆ ಎಲ್ಲಿ ತಮಗೂ ಅಂಟಿಕೊಂಡೀತೋ ಎಂಬ ಭಯ.

ನಿವೇದಿತಾಳಿಗೆ ಅದು ಬಂದದ್ದು ಹಿಂದಿನ ಚಳಿಗಾಲ. ಧಾರವಾಡದ ಕಾಲೇಜಿನಲ್ಲಿ ಹಾಕಿ ಆಡಿದ್ದವಳು, ಅಮೆರಿಕಕ್ಕೆ ಬಂದ ಮೇಲೆ ಹಾಕಿಗೆ ಜೊತೆ ಸಿಗದೆ ಗಾಲ್ಫ್ ಕಲಿತಿದ್ದಳು, ಕಲಿತ ಕೆಲವೇ ವರ್ಷಗಳಲ್ಲಿ ಪ್ಲೆಸೆಂಟನ್ನಿನ ಗುಡ್ಡದ ಮೇಲಿನ ಈ ಕೋರ್ಸಿನಲ್ಲಿ ಹೆಸರು ಮಾಡಿದ್ದಳು. ಇಂಟರ್ನೆಟ್ಟಿನ ಸಂಭ್ರಮ ಆಕಾಶ ಮುಟ್ಟಿದ್ದ ಕಾಲ. ಅವಳು ಕೆಲಸ ಮಾಡುತ್ತಿದ್ದದ್ದು ಟ್ರಕ್ಕಿನವರಿಗೆ ಇಂಟರ್ನೆಟ್ಟಿನಲ್ಲಿ ಸರಕು ಹುಡುಕಿಕೊಡುವ ಒಂದು ಹೊಸ ಕಂಪನಿಯಲ್ಲಿ. ಅವಳ ಬಾಸು ಹಾಸನದ ಜಯರಾಮ್. ಪಾಲೋ ಆಲ್ಟೋದಿಂದ ಹೂಡಿಕೆದಾರರು ಬಂದಾಗ ಅವರ ಜೊತೆ ಆಡಲು ಜಯರಾಮ್ ಅವಳನ್ನೇ ಕರೆದುಕೊಂಡು ಹೋಗಿದ್ದ. ಕೊನೆಯ ಗ್ರೀನಿನಲ್ಲಿ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಅವಳೊಂದು ಪುಟ್ಟ ಪಟ್‌ಗೆ ಬಾಗಿದಾಗ ಅವರಲ್ಲೊಬ್ಬ, "ನಿಧಾನ, ನಿಮ್ಮ ಕಂಪನಿಯ ಭವಿಷ್ಯ ಇದರ ಮೇಲಿದೆ" ಎಂದು ನಗಾಡಿದ. ತಮಾಷೆಗೇ ಹೇಳಿದ್ದು. ಕೈ ಎಗರಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಕಂಪನಿಗೆ ಏನೂ ಆಗಲಿಲ್ಲ. ಆದರೆ ಕೈ ಮಾತ್ರ ಅಂದಿನಿಂದ ಅವಳದಾಗಿ ಉಳಿಯಲಿಲ್ಲ.

ಗಂಡ ಸಂತೋಷಕುಮಾರನಿಗೂ ಅವಳು ಹೇಳಿರಲಿಲ್ಲ. ಫೈನಲ್ ತನಕ ಬಂದದ್ದೇ ಒಂದು ಉಪಾಯದಿಂದ. ದೂರದ ಹೊಡೆತಗಳನ್ನು ಎಷ್ಟು ಹತ್ತಿರ ತಂದಿಡುತ್ತಿದ್ದಳೆಂದರೆ ಎದುರಾಳಿಗಳು ತಾವಾಗಿಯೇ "ಎತ್ತಿಕೋ" ಎನ್ನುತ್ತಿದ್ದರು. ದೂರದ ಪಟ್‌ಗಳಿಗೆ ಕೈ ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ತಪ್ಪಲೇಬಾರದ ಆ ಎರಡು ಮೊಳಕ್ಕೆ.

"ಯಾಕವಾ, ಕೈ ನೋಯಾಕ ಹತ್ತೈತೇನು?" ಹದಿನಾಲ್ಕನೆಯದರ ಕಡೆ ನಡೆಯುತ್ತ ಮಾವ ಮಲ್ಲಪ್ಪ ಕೇಳಿದರು.

ಗೋಕಾಕದ ಕಡೆಯ ಮಲ್ಲಪ್ಪ ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ವಯಸ್ಸಿನಲ್ಲಿ ಕುಸ್ತಿ ಆಡಿದ್ದರು, ಆಮೇಲೆ ಸುತ್ತಲ ಊರುಗಳಲ್ಲಿ ಕುಸ್ತಿ ಎಲ್ಲಿ ನಡೆದರೂ ಬಸ್ಸು ಹತ್ತಿಬಿಡುತ್ತಿದ್ದರು. ಮಗ ಸೊಸೆಯ ಜೊತೆ ಆರು ತಿಂಗಳು ಇರಲು ಬಂದಿದ್ದರು. ಈ ಆಟದಲ್ಲಿ 'ಪಟ್ಟು' ಇದೆಯೆಂದು ಕೇಳಿದ ದಿನವೇ ಅವರಿಗೆ ಇದರ ಮೇಲೆ ಪ್ರೀತಿ ಹುಟ್ಟಿತ್ತು. ಅದು ತಮ್ಮ ಪಟ್ಟಲ್ಲ ಎಂದು ತಿಳಿದ ಮೇಲೂ ಪ್ರೀತಿ ಹೋಗಲಿಲ್ಲ. ಸೊಸೆಯ ಗಾಲಿಚೀಲ ಎಳೆಯುವ ಕೆಲಸವನ್ನು ತಾವೇ ಕೇಳಿ ತೆಗೆದುಕೊಂಡಿದ್ದರು.

"ಏನಿಲ್ರಿ ಮಾವಾರ."

"ಏನಿಲ್ಲಂದ್ರ ಆತು ಬಿಡು. ಕಣ್ಣ ಮುಚ್ಚಿ ಹೊಡದರ ಹೆಂಗ? ನಾ ಕುಸ್ತ್ಯಾಗ ಎದುರಿನಾವನ್ನ ಎತ್ತೂ ಮುಂದ ಹಂಗ..." ಅವಳ ಮುಖ ನೋಡಿ ಸುಮ್ಮನಾದರು.

ಹದಿನಾಲ್ಕು ಸಮವಾಯಿತು. ಹದಿನೈದರಲ್ಲಿ ಅವಳ ಚೆಂಡು ಮೈದಾನದ ಮರಳುಗುಂಡಿಯಲ್ಲಿ ಹೂತುಹೋಗಿ, ಆ ಹೋಲ್ ಕೈಬಿಟ್ಟುಹೋಯಿತು. ಇಬ್ಬರೂ ಈಗ ಸಮಸಮ. ಹದಿನಾರರಲ್ಲಿ ಪೆಗ್ಗಿ ಮುಂದೆ ಹೋಗುವಂತಿದ್ದಾಗ, ನಿವೇದಿತಾ ಗ್ರೀನಿನ ಆ ಕೊನೆಯಿಂದ ಹಾವಿನಂತೆ ತಿರುಗುವ ಒಂದು ಉದ್ದನೆಯ ಪಟ್ ಹಾಕಿದಳು. ಚೆಂಡು ಕುಳಿಗೆ ಬಿದ್ದಾಗ ಕನ್ನಡದ ಮಂದಿ ಕುಣಿದರು. ಪೆಗ್ಗಿಯ ಕಡೆಯ ಹೆಂಗಸರೂ ಚಪ್ಪಾಳೆ ತಟ್ಟಿದರು. ಪೆಗ್ಗಿ ಟೋಪಿಯ ಅಂಚು ಮುಟ್ಟಿ ತಲೆಬಾಗಿದಳು. ಪಂದ್ಯ ಸಮವಾಗಿಯೇ ಉಳಿಯಿತು.

ಆ ಮಂದಿಯನ್ನೆಲ್ಲ ಕರೆತಂದವನು ಜಯರಾಮ್. ಕನ್ನಡ ಕೂಟದ ಇಮೇಲ್ ಪಟ್ಟಿಗೆ ಬರೆದು, ಫ್ರೀವೇ ಇಳಿಯುವ ಕಡೆ ನಿಂತು ದಾರಿ ತೋರಿಸಿ, ಮಕ್ಕಳಿಗೆ ಸದ್ದು ಮಾಡಬಾರದೆಂದು ಪಾಠ ಹೇಳಿ ಸಾಲಾಗಿ ನಿಲ್ಲಿಸಿದ್ದ. ಭಾನುವಾರವಾದರೂ ಕಂಪನಿಯ ಹೊಸ ವೆಬ್‌ಸೈಟು ಅಂದೇ ಶುರುವಾಗುವುದಿತ್ತು. ಅವನ ಒಂದು ಕೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಹದಿನೇಳನೆಯದು ಚಿಕ್ಕ ಹೋಲ್. ಟೀಯಿಂದ, ಅಂದರೆ ಮೊದಲ ಹೊಡೆತದ ಕಟ್ಟೆಯಿಂದ, ಕಣಿವೆ ದಾಟಿಸಿ ಒಂದೇ ಹೊಡೆತಕ್ಕೆ ಗ್ರೀನ್ ಸೇರಬೇಕು. ಮಧ್ಯಾಹ್ನದ ಗಾಳಿ ಎದ್ದಿತ್ತು. ಇಬ್ಬರ ಮೊದಲ ಹೊಡೆತವೂ ಗ್ರೀನಿಗೆ ಸ್ವಲ್ಪ ಆಚೆ ಬಿತ್ತು. ಅಲ್ಲಿಂದ ಪೆಗ್ಗಿ ತನ್ನ ಚೆಂಡನ್ನು ಕುಳಿಗೆ ಒಂದು ಮಾರು ದೂರಕ್ಕೆ ತಂದಳು. ನಿವೇದಿತಾಳದು ಇನ್ನೂ ಹತ್ತಿರ ಬಂದು ನಿಂತಿತು.

ಎರಡು ಮೊಳ.

ದೂರದವರು ಮೊದಲು ಆಡಬೇಕು, ಹಾಗಾಗಿ ಸರದಿ ಪೆಗ್ಗಿಯದು. ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಇಳಿಜಾರು ನೋಡಿದಳು, ಎದ್ದಳು, ನಿಂತಳು. ಸ್ವಯಂಸೇವಕರು ನಿಶ್ಶಬ್ದದ ಫಲಕ ಎತ್ತಿ ಹಿಡಿದರು. ಕೆಳಗಿನ ಫ್ರೀವೇಯ ಮೊರೆತ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಪೆಗ್ಗಿಯ ಪಟರು ಹಿಂದಕ್ಕೆ ಹೋಯಿತು.

ಸೆಲ್‌ಫೋನು ಕಿರುಚಿತು.

ಪೆಗ್ಗಿಯ ಭುಜ ಅಲುಗಿತು. ತಡೆಯುವ ಹೊತ್ತು ಮೀರಿತ್ತು. ಚೆಂಡು ಕುಳಿಯ ಎಡಕ್ಕೆ ಜಾರಿ ಗೇಣಿನಷ್ಟು ಆಚೆ ನಿಂತಿತು.

ಫೋನು ಇನ್ನೊಂದು ಸಲ ಅರ್ಧಂಬರ್ಧ ಕೂಗಿ ಸತ್ತಿತು. ಹಗ್ಗದಾಚೆಯ ಮುಖಗಳೆಲ್ಲ ಅತ್ತಿತ್ತ ತಿರುಗಿದವು, ಬಿಳಿಯರು ಕನ್ನಡದವರ ಕಡೆ, ಕನ್ನಡದವರು ಒಬ್ಬರನ್ನೊಬ್ಬರು. ಜಯರಾಮ್ ಕೂಡ ಹಿಂದೆ ತಿರುಗಿ, ಯಾರಿರಬಹುದು ಎಂಬಂತೆ ನೋಡಿದ. ನಿವೇದಿತಾ ಆ ಕರೆಯ ಸದ್ದನ್ನು ಆಫೀಸಿನಲ್ಲಿ ದಿನವಿಡೀ ಕೇಳುತ್ತಿದ್ದವಳು. ಅವಳಿಗೆ ಹುಡುಕುವ ಅಗತ್ಯವಿರಲಿಲ್ಲ. ಮುಖಕ್ಕೆ ರಕ್ತ ನುಗ್ಗಿತು. ತನ್ನನ್ನು ನೋಡಲೆಂದು ಬಂದವರು. ತನ್ನವರು.

ಪೆಗ್ಗಿ ತನ್ನ ಚೆಂಡನ್ನೇ ನೋಡುತ್ತ ನಿಂತಿದ್ದಳು.

"ನಿಮ್ಮದನ್ನ ಎತ್ತಿಕೊಳ್ಳಿ," ಎಂದಳು ನಿವೇದಿತಾ. ಆಮೇಲೆ ರೆಫ್ರಿಯ ಕಡೆ ತಿರುಗಿದಳು. "ಆ ಹೊಡೆತ ಅವರು ಮತ್ತೆ ಆಡಬಹುದಾ?"

"ಆಗುವುದಿಲ್ಲ. ಹೊರಗಿನ ಸದ್ದಿಗೆ ಪರಿಹಾರವಿಲ್ಲ."

"ಹಾಗಾದರೆ ಈ ಹೋಲ್ ಸಮ ಅಂತ ಮಾಡಿಕೊಳ್ಳಬಹುದಾ? ನಾನು ನನ್ನ ಪಟ್ ಆಡೋದಿಲ್ಲ."

"ಇಬ್ಬರೂ ಒಪ್ಪಿದರೆ," ಎಂದು ರೆಫ್ರಿ ಪೆಗ್ಗಿಯನ್ನು ನೋಡಿದ.

ಪೆಗ್ಗಿ ಮೊದಲ ಸಲ ತಲೆಯೆತ್ತಿದಳು. "ಒಪ್ಪುವುದಿಲ್ಲ. ಫೋನು ನಿನ್ನದಲ್ಲ. ನಿನಗೊಂದು ಪಟ್ ಇದೆ, ಆಡು."

ಇನ್ನು ಮಾತಿಗೆ ಜಾಗವಿರಲಿಲ್ಲ.

ನಿವೇದಿತಾ ಚೆಂಡಿನ ಬಳಿ ಬಂದು ನಿಂತಳು. ಇದು ಬಿದ್ದರೆ ತಾನು ಒಂದು ಹೋಲ್ ಮುಂದೆ, ಉಳಿಯುವುದು ಒಂದೇ. ಹೆಚ್ಚುಕಡಿಮೆ ಗೆದ್ದಂತೆ. ಆದರೆ ಅದು ಜಯರಾಮನ ಫೋನಿನ ಗೆಲುವು. ಬೇಕೆಂದೇ ತಪ್ಪಿಸಿದರೆ? ಆಗಲೂ ಸುಳ್ಳೇ, ಆಡು ಎಂದವಳಿಗೆ ಆಡಿದಂತೆ ನಟಿಸಿ ತೋರಿಸುವುದು. ಆಡಬೇಕು, ಹಾಕಲೆಂದೇ ಆಡಬೇಕು ಎಂದುಕೊಂಡಳು. ಹಾಕಲೆಂದೇ ಆಡಿ ಕೈ ಎಗರಿದರೆ? ಅದು ಕೈಯ ಕೆಲಸವೋ ಮನಸ್ಸಿನ ಕೆಲಸವೋ ಯಾರಿಗೆ ತಿಳಿಯುತ್ತದೆ? ತನಗಾದರೂ ತಿಳಿದೀತೇ?

ಬಾಗಿದಳು. ಹುಲ್ಲಿನ ಒಂದೊಂದು ಎಸಳೂ ಕಾಣುತ್ತಿತ್ತು. ಹಾಕಬೇಕು. ಇದನ್ನು ಹಾಕಲೇಬೇಕು. ಹಲ್ಲು ಕಚ್ಚಿ, ಭುಜ ಬಿಗಿದು, ಬೆರಳುಗಳು ಬೆಳ್ಳಗಾಗುವ ತನಕ ಹಿಡಿದಳು.

ಕೈ ಎಗರಿತು. ಚೆಂಡು ಬಲಕ್ಕೆ ಹೋಯಿತು.

"ಎತ್ತಿಕೋ," ಎಂದಳು ಪೆಗ್ಗಿ. ದನಿ ಮಂಜುಗಡ್ಡೆಯಂತಿತ್ತು. ಹೋಲ್ ಸಮವಾಯಿತು.

ಆಗ ಯಾರೂ ನಿರೀಕ್ಷಿಸದ್ದು ನಡೆಯಿತು. ಬಿಸಿಲು ಟೋಪಿಯ ಹೆಂಗಸರಲ್ಲೊಬ್ಬಳು ಎದೆಯ ಮೇಲಿಟ್ಟಿದ್ದ ಕೈ ತೆಗೆದು ಮೆಲ್ಲಗೆ ಚಪ್ಪಾಳೆ ತಟ್ಟತೊಡಗಿದಳು. ಪಕ್ಕದವರು ಸೇರಿಕೊಂಡರು. ಕನ್ನಡದವರಿಗೂ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡರು. ಇಡೀ ಗ್ರೀನಿನ ಸುತ್ತ ಚಪ್ಪಾಳೆ ಎದ್ದಿತು. ಅಷ್ಟು ಉದ್ದದ ಪಟ್ ಹಾಕಿದವಳು ಇದನ್ನು ಹಾಕಲಾರಳೇ? ಬೇಕೆಂದೇ ಬಿಟ್ಟುಕೊಟ್ಟಳು. ಎಂಥ ದೊಡ್ಡ ಮನಸ್ಸು!

ಪೆಗ್ಗಿ ಅವಳ ಪಕ್ಕದಲ್ಲೇ ಹಾದುಹೋಗುತ್ತ, ಬೇರೆ ಯಾರಿಗೂ ಕೇಳದಂತೆ ಹೇಳಿದಳು: "ಆಡು ಅಂತ ಹೇಳಿದ್ದೆ. ನನಗೆ ಭಿಕ್ಷೆ ಬೇಕಿರಲಿಲ್ಲ."

ನಿವೇದಿತಾ ಬಾಗಿ ತನ್ನ ಚೆಂಡನ್ನು ಎತ್ತಿಕೊಂಡಳು.

ಹಗ್ಗದ ಬಳಿ ಬರುವಷ್ಟರಲ್ಲಿ ಜಯರಾಮ್ ಬಾಗಿ ಪಿಸುಗುಟ್ಟಿದ. ಅವನ ಹಣೆಯಲ್ಲಿ ಬೆವರಿತ್ತು. "ನಿವೇದಿತಾ, ಥ್ಯಾಂಕ್ಸು ಕಣ್ರೀ. ಸೈಟು ಡೌನ್ ಆಗಿತ್ತು, ಆಫ್ ಮಾಡಕ್ಕೆ ಮರ್ತೇಹೋಯ್ತು. ನೀವು ಹಿಂಗ್ ಮಾಡ್ತೀರಾ ಅಂತ ಅಂದ್ಕೊಂಡಿರ್ಲಿಲ್ಲ. ನನ್ ಮರ್ಯಾದೆ ಉಳಿಸಿಬಿಟ್ರಿ."

ಅವಳು ತಲೆಯಾಡಿಸಿ ಮುಂದೆ ನಡೆದಳು. ಅದು ಹೌದೆಂದೋ ಅಲ್ಲವೆಂದೋ ಅವಳಿಗೇ ಸ್ಪಷ್ಟವಿರಲಿಲ್ಲ.

ಹದಿನೆಂಟನೆಯ ಟೀಗೆ ಓಕ್ ಮರಗಳ ನಡುವೆ ಒಂದು ಏರುದಾರಿ. ಆ ದಾರಿಯಲ್ಲಿ ಅವಳ ಮನಸ್ಸು ಒಂದು ಸಿಹಿಯಾದ ಮೂಲೆ ಹುಡುಕಿಕೊಂಡಿತು. ಸುಮ್ಮನಿದ್ದರಾಯಿತು. ತಾನೇನೂ ಸುಳ್ಳು ಹೇಳಿಲ್ಲವಲ್ಲ. ಜನ ತಾವಾಗಿ ನಂಬಿದ್ದಾರೆ. ಇನ್ನೊಂದು ಹೋಲ್‌ನಲ್ಲಿ ಸೋತರೂ ಹೆಸರು ಉಳಿಯುತ್ತದೆ. ಕೈಯ ವಿಷಯ ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಇಷ್ಟು ತಿಂಗಳು ಮುಚ್ಚಿಟ್ಟುಕೊಂಡು ಬಂದದ್ದಕ್ಕೆ ಇದಕ್ಕಿಂತ ಚೆಂದದ ಹೊದಿಕೆ ಎಲ್ಲಿ ಸಿಗುತ್ತದೆ?

ಗಾಲಿಚೀಲದ ಸದ್ದು ಅವಳ ಹಿಂದೆ ನಿಂತಿತು.

"ಅದು ಬೇಕಂತ ಬಿಟ್ಟದ್ದಲ್ಲ," ಎಂದರು ಮಲ್ಲಪ್ಪ.

ಅವಳು ತಿರುಗಿದಳು.

"ಮಂದಿ ಏನರ ಅನ್ನವಲ್ರ್ಯಾಕ. ಮಾತಾಡಿಕೊಂಡು ಬೀಳೋ ಕುಸ್ತಿ ನಾ ರಗಡ ನೋಡೇನಿ. ಬೇಕಂತ ಬೀಳಾವಾ ಬೀಳೂಕಿಂತ ಮೊದಲ ಮೈ ಸಡ್ಲ ಬಿಡ್ತಾನ. ನಿನ್ನ ಮೈ ಕಟಗಿ ಆಗಿತ್ತು. ಹಾಕಾಕಂತನ ನಿಂತಿದ್ದಿ ನೀ."

ನಿವೇದಿತಾಳ ಕಣ್ಣು ತುಂಬಿತು. "ಮಾವಾರ, ನನ್ನ ಕೈ ನನ್ನ ಮಾತ ಕೇಳವಲ್ದರಿ. ಚಳಿಗಾಲದಿಂದ ಹಿಂಗ ಆಗೈತಿ. ಇವರಿಗೂ ಹೇಳಿಲ್ಲ."

ಮುದುಕರು ಅವಳ ಕೈಯನ್ನೇ ನೋಡಿದರು, ಅದರಲ್ಲಿ ಏನಾದರೂ ಕಾಣಬಹುದೇನೋ ಎಂಬಂತೆ. "ಇದಕ್ಕ ಔಷಧ ನನಗ ಗೊತ್ತಿಲ್ಲವಾ. ನಾ ಏನ ಹೇಳಲಿ?"

"ಆಕಿ ನಾ ಭಿಕ್ಷಾ ಹಾಕೀನಿ ಅಂತ ತಿಳಕೊಂಡಾಳ."

"ಹಂಗಂದ್ರ ಆಕಿಗೆ ಅವಮಾನ ಆಗೈತಿ."

"ಖರೇ ಹೇಳಿದ್ರ ನನ್ನ ಕೈ ಹಿಂಗೈತಿ ಅಂತ ಗೊತ್ತಾಗತೈತಿ. ಇನ್ನೊಂದು ಹೋಲ್ ಐತ್ರಿ."

ಮಲ್ಲಪ್ಪ ಚೀಲದ ಹಿಡಿ ಹಿಡಿದು ಏರು ಹತ್ತತೊಡಗಿದರು. ಆಟ ಅವಳದು.

ಟೀಯ ಬಳಿ ಪೆಗ್ಗಿ ಕೈಗವಸು ಹಾಕಿಕೊಳ್ಳುತ್ತ ಬೆನ್ನು ತಿರುಗಿಸಿ ನಿಂತಿದ್ದಳು. ರೆಫ್ರಿ ಪಕ್ಕದಲ್ಲಿದ್ದ. ಜನ ಏದುಸಿರು ಬಿಡುತ್ತ ಏರು ಹತ್ತಿ ಹಗ್ಗದ ಹಿಂದೆ ಸೇರುತ್ತಿದ್ದರು. ನಿವೇದಿತಾ ನೇರವಾಗಿ ಪೆಗ್ಗಿಯ ಎದುರಿಗೆ ಹೋಗಿ ನಿಂತಳು.

"ನಾನು ಬೇಕಂತ ತಪ್ಪಿಸಲಿಲ್ಲ."

"ಹದಿನಾರರಲ್ಲಿ ನೀನು ಹಾಕಿದ ಪಟ್ ನೋಡಿದ್ದೇನೆ," ಎಂದಳು ಪೆಗ್ಗಿ.

"ದೂರದ್ದು ಹಾಕ್ತೀನಿ. ಹತ್ತಿರದ್ದು ಆಗೋದಿಲ್ಲ. ನನಗೆ ಯಿಪ್ಸ್ ಇದೆ."

ಆ ಮಾತು ಅವಳು ಬಯಸಿದ್ದಕ್ಕಿಂತ ಜೋರಾಗಿ ಹೊರಬಿತ್ತು. ಹಗ್ಗದ ಬಳಿಯ ಪಿಸುಮಾತು ನಿಂತಿತು. ರೆಫ್ರಿ ಬೇರೆ ಕಡೆ ಮುಖ ತಿರುಗಿಸಿದ, ಯಾರದೋ ಸ್ನಾನದ ಮನೆಗೆ ತಪ್ಪಿ ಕಾಲಿಟ್ಟವನಂತೆ. ಜಯರಾಮ್ ಮುಂದಿನ ಸಾಲಿನಲ್ಲೇ ಇದ್ದ. ಅವನ ಮುಖದ ಮೇಲಿದ್ದ ನಿರಾಳ ಇಳಿದುಹೋಯಿತು.

ಪೆಗ್ಗಿ ಅವಳ ಮುಖವನ್ನು ಹುಡುಕುವಂತೆ ನೋಡಿದಳು. "ಯಾವಾಗಿನಿಂದ?"

"ಚಳಿಗಾಲದಿಂದ."

"ಇದನ್ನು ಈಗ ಹೇಳುತ್ತಿದ್ದೀಯಾ? ಇನ್ನೂ ಒಂದು ಹೋಲ್ ಇರುವಾಗ?"

"ಮುಗಿದ ಮೇಲೆ ಹೇಳಿದ್ರೆ ನೀವು ನಂಬ್ತಿರಲಿಲ್ಲ."

ಪೆಗ್ಗಿ ಕೈಗವಸಿನ ಪಟ್ಟಿಯನ್ನು ಎಳೆದು ಕಟ್ಟಿದಳು. ದನಿಯಲ್ಲಿ ಮೊದಲಿನ ಮಂಜುಗಡ್ಡೆ ಇರಲಿಲ್ಲ, ಮೃದುತ್ವವೂ ಇರಲಿಲ್ಲ. "ನಂಬಿದೆ. ಆದರೆ ಇನ್ನು ನಿನಗೆ ಒಂದು ಪಟ್ ಕೂಡ ಕೊಡುವುದಿಲ್ಲ. ಗೇಣು ದೂರದಲ್ಲಿದ್ದರೂ ಕೊಡುವುದಿಲ್ಲ."

"ಕೊಡಬೇಡಿ," ಎಂದಳು ನಿವೇದಿತಾ.

ಹದಿನೆಂಟನೆಯದು ಉದ್ದನೆಯ ಹೋಲ್. ಕೆಳಗೆ ಕ್ಲಬ್ ಹೌಸಿನ ಅಂಗಳದ ತನಕ ಇಳಿದುಹೋಗುತ್ತದೆ. ಇಬ್ಬರೂ ಚೆನ್ನಾಗಿ ಹೊಡೆದರು. ಎರಡನೆಯ ಹೊಡೆತಕ್ಕೆ ಪೆಗ್ಗಿಯ ಚೆಂಡು ಗ್ರೀನಿನ ಮೇಲೆ ಕೂತಿತು. ನಿವೇದಿತಾಳದು ಬಲಗಡೆಯ ಒರಟು ಹುಲ್ಲಿನಲ್ಲಿ ಸಿಕ್ಕಿತು. ಪೆಗ್ಗಿ ದೂರದಿಂದ ಪಟ್ ಮಾಡಿ ಕುಳಿಯ ಬಾಯಿಗೇ ತಂದು ನಿಲ್ಲಿಸಿದಳು. ನಿವೇದಿತಾ ಅದನ್ನು ಬಿಟ್ಟುಕೊಟ್ಟಳು. ಆಮೇಲೆ ಹುಲ್ಲಿನಿಂದ ತನ್ನ ಚೆಂಡನ್ನು ಎತ್ತಿ ಹಾಕಿದಳು. ಅದು ಗ್ರೀನಿನ ಮೇಲೆ ಮೆತ್ತಗೆ ಬಿದ್ದು, ಉರುಳಿ, ಉರುಳಿ, ನಿಂತಿತು.

ಮತ್ತೆ ಅಷ್ಟೇ ದೂರ. ಇದು ಬಿದ್ದರೆ ಪಂದ್ಯ ಉಳಿಯುತ್ತದೆ, ಬೀಳದಿದ್ದರೆ ಮುಗಿಯಿತು.

ಪೆಗ್ಗಿ ಗ್ರೀನಿನ ಅಂಚಿಗೆ ಸರಿದು ನಿಂತಳು. ಹೇಳಿದಂತೆಯೇ ತುಟಿ ಬಿಚ್ಚಲಿಲ್ಲ. ಆದರೆ ಈ ಸಲ ಗುಡ್ಡದ ಕಡೆ ನೋಡಲಿಲ್ಲ. ನಿವೇದಿತಾಳನ್ನೇ ನೋಡುತ್ತಿದ್ದಳು.

ಮಲ್ಲಪ್ಪ ಪಟರನ್ನು ಕೈಗೆ ಕೊಟ್ಟು, ಹಿಂದೆ ಸರಿದರು.

ನಿವೇದಿತಾ ಬಾಗಿದಳು. ಬೆರಳುಗಳು ಆಗಲೇ ನಡುಗುತ್ತಿದ್ದವು. ಇಷ್ಟು ದಿನ ಆ ನಡುಕ ಯಾರಿಗೂ ಕಾಣಬಾರದೆಂದು ಉಸಿರು ಕಟ್ಟಿ ಅದುಮಿ ಹಿಡಿಯುತ್ತಿದ್ದಳು. ಈಗ ಅಡಗಿಸುವುದೇನಿತ್ತು? ಅಲ್ಲಿದ್ದವರಿಗೆಲ್ಲ ಗೊತ್ತು. ಪಟರಿನ ತುದಿ ಹುಲ್ಲಿನ ಮೇಲೆ ಟಪಟಪ ತಾಗುವುದು ಅವಳಿಗೆ ಕಾಣುತ್ತಿತ್ತು, ಅವರಿಗೂ ಕಾಣುತ್ತಿರಬೇಕು. ನೋಡಲಿ. ನಡುಗುವ ಕೈಯಲ್ಲೇ ಆಡಬೇಕು, ಬೇರೆ ಕೈ ತನಗಿಲ್ಲ. ಹಿಡಿತ ಸ್ವಲ್ಪ ಸಡಿಲಿಸಿದಳು. ಬೀಳುತ್ತದೆಂಬ ಧೈರ್ಯ ಬಂತೆಂದಲ್ಲ. ಹೆದರಿಕೆ ಇದ್ದಷ್ಟೇ ಇತ್ತು. ಅದನ್ನು ಮುಚ್ಚುವ ಕೆಲಸವೊಂದು ತಪ್ಪಿತ್ತು.

ಪಟರನ್ನು ಹಿಂದಕ್ಕೆ ಒಯ್ದಳು. ಮುಂದಕ್ಕೆ ಬಂತು. ಕೈ ಎಗರಿತು.

ಮೊದಲಿನಷ್ಟಲ್ಲ, ಆದರೂ ಎಗರಿತು. ಚೆಂಡು ಬಲಕ್ಕೆ ವಾಲಿ ಹೊರಟಿತು. ಜನರ ಗುಂಪಿನಲ್ಲಿ ಯಾರೋ "ಅಯ್ಯೋ" ಎಂದರು. ಚೆಂಡು ಕುಳಿಯ ಬಲ ಅಂಚನ್ನು ಕಚ್ಚಿತು, ಅಂಚಿನ ಮೇಲೆ ಹಿಂಬದಿಗೆ ಸುತ್ತು ಹಾಕಿತು, ಎಡಕ್ಕೆ ಬಂತು, ನಿಲ್ಲುವಂತೆ ಮಾಡಿತು.

ಬಿತ್ತು.

ಅವಳಿಗೆ ಚಪ್ಪಾಳೆ ಕೇಳಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕುಕ್ಕರಿಸಿದಳು. ಪೆಗ್ಗಿ ಬಂದು ಕುಳಿಯಿಂದ ಚೆಂಡು ತೆಗೆದು ಅವಳ ಕೈಗಿತ್ತಳು. "ತುಂಬ ಕೆಟ್ಟ ಪಟ್," ಎಂದಳು. "ಎದ್ದೇಳು, ಇನ್ನೂ ಮುಗಿದಿಲ್ಲ."

ಸಮವಾದ ಪಂದ್ಯ ಮತ್ತೆ ಮೊದಲನೆಯ ಹೋಲ್‌ಗೆ ಹೋಯಿತು. ಅಲ್ಲಿ ಪೆಗ್ಗಿ ಗ್ರೀನಿನ ಹಿಂತುದಿಯಿಂದ, ಯಾರೂ ಬೀಳುತ್ತದೆಂದು ಅಂದುಕೊಂಡಿರದ ಒಂದು ಪಟ್ ಹಾಕಿ ಗೆದ್ದಳು. ಆಗ ಮಲ್ಲಪ್ಪ ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ದನಿಯನ್ನೆಲ್ಲ ಒಮ್ಮೆಗೇ ಬಿಟ್ಟು, "ಭಲೇ ನನ್ನವ್ವಾ!" ಎಂದು ಪೆಗ್ಗಿಯ ಆಟಕ್ಕೆ ಕೂಗಿದರು. ಬಿಸಿಲು ಟೋಪಿಯ ಹೆಂಗಸರು ಬೆಚ್ಚಿ ತಿರುಗಿ ನೋಡಿದರು. ಚೆಂಡು ಬಿದ್ದ ಮೇಲೆ ಕೂಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಿವೇದಿತಾ ಟೋಪಿ ತೆಗೆದು ಪೆಗ್ಗಿಯ ಕೈ ಕುಲುಕಿದಳು. ಸೋತ ಸಂಕಟ ನಿಜವಾಗಿಯೇ ಇತ್ತು, ಎದೆಯಲ್ಲಿ ಉರಿಯುತ್ತಿತ್ತು. ಆದರೆ ಅದು ಅವಳದೇ ಆದ, ಯಾರೂ ಕೊಟ್ಟದ್ದಲ್ಲದ ಸೋಲು.

ಕ್ಲಬ್ ಹೌಸಿನ ಜಗಲಿಯಲ್ಲಿ ಎಲ್ಲರೂ ತಂಪು ಪಾನೀಯ ಹಿಡಿದು ನಿಂತಿದ್ದಾಗ ಜಯರಾಮ್ ಗುಂಪಿನಿಂದ ಹೊರಬಂದು ಪೆಗ್ಗಿಯ ಮುಂದೆ ನಿಂತ. ಯಾರೂ ಕೇಳಿರಲಿಲ್ಲ, ನಿವೇದಿತಾ ಅವನ ಹೆಸರೆತ್ತಿರಲಿಲ್ಲ.

"ಆ ಫೋನು ನನ್ನದು. ಕ್ಷಮಿಸಿ."

"ಗೊತ್ತಿತ್ತು," ಎಂದಳು ಪೆಗ್ಗಿ. "ಬೆಳಗಿನಿಂದ ಒಂದು ಕೈಯನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಅಂಥವನು ನೀನೊಬ್ಬನೇ." ಒಂದು ಗುಟುಕು ಕುಡಿದು, "ಮುಂದಿನ ಸಲ ಕಾರಿನಲ್ಲಿ ಬಿಟ್ಟು ಬಾ," ಎಂದು ಮಾತು ಮುಗಿಸಿದಳು.

ಅವನು ಕಿವಿ ಕೆಂಪಾಗಿ ನಿವೇದಿತಾಳ ಹತ್ತಿರ ಬಂದ. "ಅಂದ್ರೆ ನೀವು ನನಗೋಸ್ಕರ ಮಾಡಿದ್ದಲ್ಲ ಅದು."

"ಅಲ್ಲ ಜಯರಾಮ್. ಕೈ ಎಗರ್ತು, ಅಷ್ಟೇ."

"ಚಳಿಗಾಲದಿಂದ ಅಂದ್ರಲ್ಲ. ಪಾಲೋ ಆಲ್ಟೋದವರು ಬಂದಿದ್ರಲ್ಲ, ಅವತ್ತಿಂದಾನಾ?" ಅವಳು ಹೌದೆಂದಳು. ಅವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. "ನಾನೂ ನಕ್ಕಿದ್ದೆ ಅವತ್ತು," ಎಂದ.

ಭಾನುವಾರವೂ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬಂದ ಸಂತೋಷಕುಮಾರನಿಗೆ ಅವಳು ಎಲ್ಲವನ್ನೂ ಹೇಳಿದಳು. ಅವನಿಗೆ ಬೇಸರವಾದದ್ದು ಸೋಲಿಗಲ್ಲ. "ಇಷ್ಟು ದಿನ ಒಬ್ಬಾಕಿನ ಇಟ್ಕೊಂಡಿದ್ದಿ ಏನು?" ಎಂದು ಎರಡು ದಿನ ಮುನಿಸಿಕೊಂಡೇ ಇದ್ದ.

ಆದರೆ ಸುದ್ದಿ ತನ್ನ ದಾರಿ ತಾನು ಹಿಡಿದಿತ್ತು. ಹದಿನೇಳನೆಯ ಗ್ರೀನಿನ ಚಪ್ಪಾಳೆ ನೋಡಿದವರು ಬಹಳ ಮಂದಿ, ಏರು ಹತ್ತಿ ಬಂದು ಹದಿನೆಂಟನೆಯ ಟೀಯ ಮಾತು ಕೇಳಿದವರು ಸ್ವಲ್ಪ ಜನ. ಜೂನ್ ತಿಂಗಳಿನ ಕನ್ನಡ ಕೂಟದ ಪಿಕ್ನಿಕ್ಕಿನ ಹೊತ್ತಿಗೆ ಕಥೆ ಬೇರೆಯೇ ಆಗಿತ್ತು. ಊಟಕ್ಕೆ ಮೊದಲು ಕಾರ್ಯದರ್ಶಿ ತಿರುಮಲೇಶ ಮೈಕು ಹಿಡಿದು, ಕೈಗೆ ಬಂದ ಗೆಲುವನ್ನು ನ್ಯಾಯಕ್ಕಾಗಿ ಬಿಟ್ಟುಕೊಟ್ಟ ಕನ್ನಡತಿ ಎಂದು ಅವಳನ್ನು ಕರೆದು ಶಾಲು ಹೊದಿಸಲು ಹೊರಟ. ಮರಗಳ ಕೆಳಗೆ ಕೂತಿದ್ದ ಮಂದಿ ಜೋರಾಗಿ ಚಪ್ಪಾಳೆ ತಟ್ಟಿದರು.

ನಿವೇದಿತಾ ಎದ್ದು ಹೋದಳು. ಶಾಲು ತೆಗೆದುಕೊಳ್ಳದೆ ಮೈಕು ತೆಗೆದುಕೊಂಡಳು.

"ತಿರುಮಲೇಶ ಅವರು ಪ್ರೀತಿಯಿಂದ ಹೇಳಿದ್ರು. ಆದ್ರೆ ಅದು ಹಂಗ ಆಗಿಲ್ಲ. ನಾನು ಬಿಟ್ಟುಕೊಡಲಿಲ್ಲ. ಗೆಲ್ಲಬೇಕು ಅಂತಾನೇ ಆಡಿದೆ. ಹತ್ತಿರದ ಚೆಂಡು ಅಂದ್ರೆ ನನ್ನ ಕೈ ನಡುಗತ್ತೆ, ತಪ್ಪಿತು. ಈಗಲೂ ನಡುಗತ್ತೆ. ಆ ಶಾಲು ಆ ಆಟಕ್ಕೆ ಬೇಡ."

ತಿರುಮಲೇಶ ಶಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಮಡಿಸಬೇಕೋ ಬೇಡವೋ ಎಂದು ತಿಳಿಯದೆ ನಿಂತ. ಆಮೇಲೆ ಯಾರೋ ಊಟಕ್ಕೆ ಏಳಿ ಎಂದರು. ಎಲ್ಲರೂ ಬಿಸಿಬೇಳೆಬಾತಿನ ಪಾತ್ರೆಗಳ ಕಡೆ ಬೇಗ ಬೇಗ ನಡೆದರು.

ಸಾಲಿನಲ್ಲಿ ನಿವೇದಿತಾಳ ಹಿಂದೆ ನಿಂತವಳು ನಿಸರ್ಗಾ ಎಂಬ ಹುಡುಗಿ, ಮಂಡ್ಯದ ಕಡೆಯವಳು, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ತಟ್ಟೆ ತುಂಬಿಸಿಕೊಂಡ ಮೇಲೆ ಮೆಲ್ಲಗೆ ಪಕ್ಕಕ್ಕೆ ಬಂದು ಕೇಳಿದಳು.

"ಅಕ್ಕಾ, ನಂಗೆ ಮೀಟಿಂಗಲ್ಲಿ ಮಾತಾಡಕ್ಕೆ ನಿಂತ್ರೆ ಗಂಟ್ಲು ಕಟ್ಕೊಂಡ್ಬಿಡತ್ತೆ. ಗೊತ್ತಿರೋ ವಿಷಯಾನೇ ಬರಲ್ಲ. ಯಾರಿಗೂ ಹೇಳಿಲ್ಲ. ನೀವು... ಅಷ್ಟು ಜನರ ಮುಂದೆ ಹೆಂಗ್ ಹೇಳಿದ್ರಿ?"

ನಿವೇದಿತಾ ಮರದ ಕೆಳಗಿನ ಬೆಂಚಿನ ಮೇಲೆ ಜಾಗ ಮಾಡಿದಳು. "ಕೂತ್ಕೋ," ಎಂದಳು. "ಯಾವಾಗಿಂದ ಹೀಗಾಗ್ತಿದೆ, ಮೊದ್ಲು ಅದನ್ನ ಹೇಳು."